ಟಗರು ಕೇಳಿದ ದೊಡ್ಡಕ್ಷರ

ನಂಬದಿದ್ದರೆ ಬಿಡಿ, ನಮ್ಮೂರ ಟಗರಿಗೆ ಇಂಗ್ಲಿಷ್ ಬರುತ್ತಿತ್ತು, ನಿಮಗಿಂತ ಚೆನ್ನಾಗಿಯೇ. ಶಾಲೆಯ ಕಿಟಕಿಗೆ ಕೊಂಬು ತಾಗಿಸಿ ನಿಂತು ಅದು ಸೀಮೆಸುಣ್ಣವನ್ನು ಕೇಳಿತು:

"ಏನಯ್ಯ, 'ಡಾಗ್' ಎರಡಾದರೆ ಬಾಲಕ್ಕೊಂದು 'ಎಸ್' ಸಿಗುತ್ತದೆ. ನಮಗ್ಯಾಕಿಲ್ಲ?"

"ಕುರಿ ಒಂದಿದ್ದರೂ 'ಶೀಪ್', ನೂರಿದ್ದರೂ 'ಶೀಪ್'. ನಿಮ್ಮನ್ನು ಯಾರೂ ಬಿಡಿಸಿ ನೋಡುವುದಿಲ್ಲ, ಮಾರಾಯ."

"ಹಾಗಾದರೆ ನನಗೆ ದೊಡ್ಡಕ್ಷರ ಕೊಡು, ಆ ಕ್ಯಾಪಿಟಲ್ ಲೆಟರ್."

"ಅದು ಸ್ವಂತ ಹೆಸರಿದ್ದವರಿಗೆ ಮಾತ್ರ. ಹಿಂಡಿನ ಹೆಸರಲ್ಲೇ ಇರು, ಬದುಕಿಕೊಳ್ಳುತ್ತೀಯ."

"ಬರಿಯೋ ಹೇಡಿ! ಬೀರ ಅಂತ ಬರಿ!"

ಸೀಮೆಸುಣ್ಣ ಟಗರಿನ ಕರಿ ಬೆನ್ನ ಮೇಲೆ ದೊಡ್ಡ 'ಬಿ' ಹಾಕಿ ಹೆಸರು ಬರೆಯಿತು.

ಸಂಜೆ ಕಟುಕ ಹಟ್ಟಿಗೆ ಬಂದ. "ಎಲ್ಲ ಒಂದೇ ಥರ ಇವೆಯಲ್ಲ ಗೌಡ್ರೇ, ಯಾವುದನ್ನು ಹಿಡಿಯಲಿ?"

ಗೌಡರಿಗೂ ಗುರುತು ಹತ್ತಲಿಲ್ಲ. "ಅಗೋ, ಹೆಸರು ಬರೆದಿದೆಯಲ್ಲ, ಅದನ್ನೇ ಹಿಡಿ" ಎಂದರು.

ಟಗರಿಗೆ ಕೊನೆಗೆ ಸಿಕ್ಕಿದ್ದು ಕತ್ತಿ.