ಬಾಳವ್ವನ ಮೈಯಲ್ಲಿ ಹರಿದ ಡೋಣಿ ಹೊಳೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆಗಳಿಗೆ ತಮ್ಮ ದಾರಿ ಬಾಯಿಪಾಠ ಆಗಿರಲಿಲ್ಲ. ಸೂರ್ಯನೂ ಹೊಸಬ. ಎಷ್ಟು ಉರಿದರೆ ಸಾಕು ಎನ್ನುವುದು ಅವನಿಗೆ ಗೊತ್ತಿರಲಿಲ್ಲ, ಪಾಪ. ಮಧ್ಯಾಹ್ನವಾದರೆ ನೆಲವೆಲ್ಲ ಕಾದ ಹಂಚು.

ಪ್ರಾಣಿಗಳು ಜಾಣರು. ಮೊದಲೇ ಲೋಕ ಮಾಡಿದವನ ಹತ್ತಿರ ಹೋಗಿ ತಂಪಿಗೆ ದಾರಿ ಕೇಳಿಕೊಂಡಿದ್ದವು. ಎಮ್ಮೆ ಕೆಸರು ಕೇಳಿತು, ಸಿಕ್ಕಿತು. ನಾಯಿ ಉದ್ದ ನಾಲಿಗೆ ಕೇಳಿತು, ಸಿಕ್ಕಿತು. ಆನೆ ಮೊರದಗಲ ಕಿವಿ ಕೇಳಿತು, ಅದೂ ಸಿಕ್ಕಿತು. ಮನುಷ್ಯರು ಮಾತ್ರ "ನಾಳೆ ಹೋದರಾಯಿತು" ಎಂದು ನೆರಳಲ್ಲಿ ಹರಟೆ ಹೊಡೆಯುತ್ತ ಕುಳಿತರು. ಅವರ ಮೈಯಿಂದ ಒಂದು ಹನಿಯೂ ಹೊರಗೆ ಬರುತ್ತಿರಲಿಲ್ಲ. ಒಳಗಿನ ಕಾವು ಒಳಗೇ ಕುದಿಯುತ್ತಿತ್ತು. ನಡು ಮಧ್ಯಾಹ್ನ ಬಯಲಿಗೆ ಇಳಿದವರು ತಿರುಗಿ ಬರುತ್ತಲೇ ಇರಲಿಲ್ಲ.

ಡೋಣಿ ಹೊಳೆಯ ದಂಡೆಯಲ್ಲಿ ಬಾಳವ್ವ ಎಂಬ ಹೆಂಗಸಿದ್ದಳು. ಹೆರಿಗೆ ಮಾಡಿಸುವುದು ಆ ಸೀಮೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಒಬ್ಬಳೇ ಮಗಳು ಸಂಗವ್ವ, ಬಯಲಿನ ಆಚೆ ಗಂಡನ ಮನೆಯಲ್ಲಿ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಎಂಟನೇ ತಿಂಗಳಲ್ಲಿ ಬಸುರಿಯನ್ನು ಕರೆತರಬಾರದು ಎಂಬುದು ಆಗಲೂ ಪದ್ಧತಿ. "ಒಂಬತ್ತು ಬೀಳ್ಲಿ, ಕರಕೊಂಡ ಬರ್ತೀನಿ," ಎಂದು ಬಾಳವ್ವ ಸುಮ್ಮನಿದ್ದಳು.

ಹೊಟ್ಟೆಯೊಳಗಿನ ಕೂಸಿಗೆ ಪದ್ಧತಿ ಏನು ಗೊತ್ತು?

ಒಂದು ಮಧ್ಯಾಹ್ನ ಗಾಳಿ ಏದುಸಿರು ಬಿಡುತ್ತ ಬಂತು. "ಬಾಳವ್ವಾ, ನಿನ್ನ ಮಗಳಿಗೆ ಬ್ಯಾನಿ ಸುರು ಆಗ್ಯಾವ. ಕೂಸು ಅಡ್ಡ ಬಿದ್ದೈತಿ. 'ಯವ್ವಾ, ಯವ್ವಾ' ಅಂತ ಒಂದೇ ಸವನ ಒದರಾಕತ್ತಾಳ."

"ಸಂಜೀತನಾ ತಡೀತಾಳೇನು?"

"ತಡಿಯಂಗಿಲ್ಲವಾ."

ಬಾಳವ್ವ ಎದ್ದೇಬಿಟ್ಟಳು. ನೆರೆಯವರು ಅಡ್ಡ ಬಂದರು. "ಈ ಬಿಸಲಾಗ ಹೊಂಟ್ರ ನೀನೂ ಉಳಿಯಂಗಿಲ್ಲ!"

"ಮಗಳು ಹ್ವಾದ ಮ್ಯಾಲ ನಾ ಉಳದು ಏನ್ ಮಾಡ್ಲಿ?" ಎಂದವಳೇ ಡೋಣಿಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ದಂಡೆಗುಂಟ ಓಡಿದಳು.

ಒದ್ದೆ ಸೀರೆಗೆ ಗಾಳಿ ತಾಗಿದಾಗ ಮೈ ತಣ್ಣಗಿತ್ತು. ಆದರೆ ಸೂರ್ಯ ಬಿಟ್ಟಾನೆಯೇ? ಸೀರೆ ಬೇಗನೆ ಒಣಗಿತು. ಹೊಳೆ ಒಂದು ಕಡೆ ತಿರುಗಿ ದಾರಿ ಬಯಲಿಗೆ ಇಳಿಯುವ ಜಾಗದಲ್ಲಿ ಅವಳು ಬೋರಲು ಬಿದ್ದಳು. ಮುಂದೆ ಬರೀ ಕರಿ ನೆಲ. ಒಂದು ಗಿಡದ ನೆರಳೂ ಇಲ್ಲ.

"ಬೀಸೋ ಗಾಳಿಯಪ್ಪಾ," ಎಂದಳು ಬಾಳವ್ವ.

"ಬೀಸಾಕತ್ತೀನಿ ಬೇ. ತೋಯ್ದಿದ್ರ ಅಷ್ಟ ನಾ ತಂಪ ಮಾಡಾವ. ಒಣಗಿದ್ದು ನನ್ನ ಕೈಲಿ ಆಗಂಗಿಲ್ಲ."

"ಹಂಗಾರ ಡೋಣವ್ವಾ, ನೀ ನನ್ನ ಸಂಗಾಟ ಬಾ."

"ನಾ ದಂಡಿ ಬಿಟ್ಟು ಬಂದ್ರ ಊರ ಮುಳಗತಾವ ಮಗಾ," ಎಂದಿತು ಡೋಣಿ. "ನನ್ನ ಕುಡದು ಒಳಗ ಹೊತಗೊಂಡು ಹೋಗು."

ಡೋಣಿಯ ನೀರು ಉಪ್ಪುಪ್ಪು. ಆದರೂ ಬಾಳವ್ವ ತೆವಳಿಕೊಂಡು ಹೋಗಿ ಹೊಟ್ಟೆ ಬಿರಿಯುವಷ್ಟು ಕುಡಿದಳು. ನೀರು ಒಳಗೇ ಉಳಿಯಿತು, ಗಾಳಿ ಹೊರಗೇ ಉಳಿಯಿತು. ನಡುವೆ ಬಾಗಿಲೇ ಇರಲಿಲ್ಲವಲ್ಲ! ಬಾಳವ್ವ ಸಿಟ್ಟಿನಿಂದ ನೆಲ ಗುದ್ದಿದಳು.

ಆ ಗುದ್ದಿಗೆ ಕೆಂಪಿರುವೆಗಳು ಗೂಡಿನಿಂದ ಹೊರಬಂದವು. ಅವಳ ಕಥೆ ಕೇಳಿ ಅವಕ್ಕೂ ಮರುಕವಾಯಿತು. "ಬಾಗಲಾ ನಾವು ತೆಗೀತೀವಿ. ಉರೀತೈತಿ, ತಡ್ಕೋತಿಯೇನು?"

"ತಡ್ಕೋತೀನಿ, ಲಗೂನ ಮಾಡ್ರವ್ವಾ!"

ಇರುವೆಗಳು ನೆಲಕ್ಕೆ ತಾಗಿದ್ದ ಅಂಗೈ ಅಂಗಾಲಿನಿಂದಲೇ ಶುರುಮಾಡಿದವು. ಹೊಸ ಹುರುಪು ನೋಡಿ, ಅಲ್ಲಿ ಒತ್ತೊತ್ತಾಗಿ ಚುಚ್ಚಿದವು. ಹಣೆಗೂ ಧಾರಾಳವಾಗಿಯೇ ಚುಚ್ಚಿದವು. ಬೆನ್ನಿಗೆ ಬರುವಷ್ಟರಲ್ಲಿ ಸುಸ್ತಾಗಿ ಅಲ್ಲೊಂದು ಇಲ್ಲೊಂದು ಚುಚ್ಚಿದವು. ತುಟಿಗೆ ಮಾತ್ರ ಒಂದೂ ಚುಚ್ಚಲಾಗಲಿಲ್ಲ. ಬಾಳವ್ವ ಬಾಯಿ ಮುಚ್ಚಿದ್ದರೆ ತಾನೇ! "ಲಗೂನ ಮಾಡ್ರಿ, ಲಗೂನ ಮಾಡ್ರಿ" ಎಂದು ಅಷ್ಟೂ ಹೊತ್ತು ಅವಸರಿಸುತ್ತಲೇ ಇದ್ದಳು. ನಮ್ಮ ತುಟಿ ಇಂದಿಗೂ ಬೆವರದಿರುವುದು ಅದಕ್ಕೇ.

ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳು ತೆರೆದವು. ಒಂದೊಂದರಿಂದಲೂ ಒಂದೊಂದು ಹನಿ ಇಣುಕಿತು. ಇಷ್ಟಕ್ಕೇ ಕಾದಿದ್ದ ಗಾಳಿ ಬಂದು ಹನಿಯನ್ನು ಎತ್ತಿಕೊಂಡಿತು, ಅದರ ಜೊತೆ ಕಾವನ್ನೂ ಎತ್ತಿಕೊಂಡಿತು. ಬಾಳವ್ವ ಎದ್ದು ಓಡಿದಳು. ಗಾಳಿ ಹನಿ ಒಯ್ದಷ್ಟೂ ಒಳಗಿನಿಂದ ಇನ್ನೊಂದು ಬಂತು. ಹಣೆಯಿಂದ ಇಳಿದ ಒಂದು ಹನಿ ನಾಲಿಗೆಗೆ ಸಿಕ್ಕಿತು. ಉಪ್ಪು!

"ಡೋಣವ್ವಾ, ನೀನಽ ಏನು?"

"ನಾನಽ ಮಗಾ. ಸಂಗಾಟ ಅದೀನಿ, ನಡಿ."

ಬಾಳವ್ವ ಹೋಗಿ ಮುಟ್ಟಿದಾಗ ಸಂಗವ್ವನಿಗೆ ಕೂಗಲೂ ತ್ರಾಣವಿರಲಿಲ್ಲ. ತಾಯಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಮಗಳು ಹೋದರೆ ಎಂಬ ಹೆದರಿಕೆಗೆ ಅಂಗೈ ತೊಯ್ದು ತೊಪ್ಪೆಯಾಗಿತ್ತು. ಮೆಲ್ಲಗೆ, ಮೆಲ್ಲಗೆ, ಅಡ್ಡ ಬಿದ್ದಿದ್ದ ಕೂಸನ್ನು ತಿರುಗಿಸಿದಳು. ಕೂಸು ಆ ಒದ್ದೆ ಕೈಗೇ ಬಂದು ಬಿದ್ದು ಕಿಟಾರನೆ ಅತ್ತಿತು. ಹೆಣ್ಣುಕೂಸು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಅಂದಿನಿಂದ ಆ ಕೈಗೆ ಹುಟ್ಟಿದವರಿಗೆಲ್ಲ, ಅವರ ಮಕ್ಕಳಿಗೆಲ್ಲ, ಮೈತುಂಬ ಬಾಗಿಲು.

ಸಂಗವ್ವ ಸೆರಗೆತ್ತಿ ಅವ್ವನ ಹಣೆ ಒರೆಸಲು ಹೋದಳು.

"ಇರ್ಲಿ ಬಿಡವಾ," ಎಂದಳು ಬಾಳವ್ವ. "ಇದು ನನ್ನನ್ನ ನಿನ್ನ ಹತ್ರ ಮುಟ್ಟಿಸಿದ ಹೊಳಿ. ಉಪ್ಪಿಟ್ಟವರನ್ನ ಮುಪ್ಪಿನತನಕ ನೆನೀಬೇಕು." ಹೊಳೆಗೂ ಗಾಳಿಗೂ ಕೈಮುಗಿದಳು. ಬಿಸಿಲು ಇಳಿದ ಮೇಲೆ ಒಂದು ಹಿಡಿ ಹಿಟ್ಟು ಒಯ್ದು ಇರುವೆ ಗೂಡಿಗೆ ಹಾಕಿ ಬರಲು ಅಳಿಯನನ್ನು ಕಳಿಸಿದಳು.

ಹಾಗಾಗಿಯೇ ಮಗು, ನೀನು ಬಿಸಿಲಲ್ಲಿ ಕುಣಿದು ಬಂದಾಗ ಹಣೆಯಲ್ಲಿ ಉಪ್ಪುಪ್ಪು ಹನಿ ಮೂಡುತ್ತದೆ, ಗಾಳಿ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಆದರೆ ನಿನಗೆ ಜ್ವರ ಬಂದ ದಿನ ಬಿಸಿಲೇ ಇಲ್ಲದಿದ್ದರೂ ನಿನ್ನ ಕೆನ್ನೆ ಮುಟ್ಟುವ ಅವ್ವನ ಅಂಗೈ ಒದ್ದೆಯಾಗಿರುತ್ತದೆ, ಯಾಕೆಂದರೆ ಆ ಬಾಗಿಲುಗಳು ಮೊದಲ ಸಲ ತೆರೆದದ್ದೇ ಒಬ್ಬಳು ಮಗಳಿಗಾಗಿ.