ಪೊರಕೆ ಕಂಡ ನವಿಲು

ಅಡುಗೆಮನೆ ಬಾಗಿಲ ಹಿಂದೆ ಒಂದು ಪೊರಕೆ ಇತ್ತಂತೆ. ಮೇದಿನಿ ಅನ್ನೋ ಹುಡುಗಿ ರಜೆ ಅಂತ ದಿನವಿಡೀ ಮನೇಲೇ ಆಡ್ತಿದ್ರೂ ಗುಡಿಸೋಕೆ ತನ್ನನ್ನ ಯಾರೂ ಕರೀತಿಲ್ಲವಲ್ಲ, ಅದ್ಯಾಕೆ ಅಂತ ಅದಕ್ಕೆ ಕುತೂಹಲ. ಹುಡುಗಿ ನೆಲದ ಮೇಲೆ ಮೊರ ಇಟ್ಕೊಂಡು, ಅದರೊಳಗೆ ಬೇಳೆಕಾಳು ಜೋಡಿಸ್ತಾ ಇದ್ಲು.

"ಏನೇ ಮೊರ, ಏನು ನಡೀತಿದೆ ಅಲ್ಲಿ?" ಅಂತು ಪೊರಕೆ.

"ನವಿಲು ಮಾಡ್ತಿದಾಳೆ ಪೊರಕಕ್ಕ. ಅಂಟು ಬೇಡ, ಬಣ್ಣ ಬೇಡ. ಮುಗಿದ್ಮೇಲೆ ಕಾಳೆಲ್ಲ ವಾಪಸ್ ಡಬ್ಬಿಗೆ. ಆದ್ರೆ ಒಂದು ಕಾಳು ನೆಲದ ಮೇಲೆ ಕಂಡ್ರೂ ಆಟ ಬಂದ್ ಅಂದಿದಾರೆ ಅವರಮ್ಮ."

"ನಾನು ಕಂಡ ಮಕ್ಕಳೆಲ್ಲ ಚೆಲ್ಲೋರೇ. ಕಸ ಬಿದ್ದೇ ಬೀಳುತ್ತೆ, ನೋಡ್ತಿರು."

ಅಷ್ಟರಲ್ಲಿ ಒಂದು ಮೆಣಸಿನಕಾಳು ಉರುಳ್ಕೊಂಡು ಬಂದು ಪೊರಕೆ ಕಾಲ ಹತ್ರನೇ ನಿಲ್ತು.

"ಬಿತ್ತು ಕಸ!" ಅಂತ ಪೊರಕೆ ಹಿಗ್ಗಿತು.

ಮೇದಿನಿ ಮೊಣಕಾಲೂರಿ ಹುಡುಕ್ತಾ ಪಿಸುಗುಟ್ಟಿದ್ಲು. "ಅಯ್ಯೋ, ನನ್ನ ನವಿಲಿನ ಕಣ್ಣು ಎಲ್ಲೋಯ್ತು?"

ಪೊರಕೆಗೆ ಆಶ್ಚರ್ಯ. ಇದು ಕಣ್ಣಾ? ಹಾಗಾದ್ರೆ ಇಷ್ಟು ದಿನ ಗುಡಿಸಿ ಹಾಕಿದ್ದೆಲ್ಲ ಏನೇನಾಗಿತ್ತೋ!

"ಏನೇ ಅದು ಬಿದ್ದಿದ್ದು?" ಅಂತ ಅಮ್ಮ ಬಂದ್ರು.

ಪೊರಕೆ ಕಡ್ಡಿಗಳನ್ನ ಹರಡಿ ಕಾಳು ಮುಚ್ಕೊಳ್ತು. ಅಮ್ಮ ನೆಲವೆಲ್ಲ ನೋಡಿ, ಏನೂ ಕಾಣದೆ ಹೋದ್ರು. ಆಮೇಲೆ ಪೊರಕೆ ಬೇಕಂತ್ಲೇ ಧೊಪ್ ಅಂತ ಬಿತ್ತು. ಎತ್ತಿ ನಿಲ್ಲಿಸೋಕೆ ಬಂದ ಮೇದಿನಿಗೆ ಕಾಳು ಸಿಕ್ತು.

"ಕಸ ಅಂದ್ಯಲ್ಲಕ್ಕ?" ಅಂತು ಮೊರ.

"ಬಿದ್ದಿದ್ದನ್ನ ನೋಡಿ ಗೊತ್ತೇ ಹೊರತು, ಎಲ್ಲಿಂದ ಬಿತ್ತು ಅಂತ ನಾನು ಯಾವತ್ತೂ ನೋಡಿಲ್ಲ ಕಣೇ. ಸ್ವಲ್ಪ ಈ ಕಡೆ ವಾಲು, ನವಿಲು ನೋಡ್ತೀನಿ."

"ನಾನು ವಾಲಿದ್ರೆ ಎಲ್ಲಾ ಚೆಲ್ಲುತ್ತಕ್ಕ. ನೀನೇ ಬಗ್ಗಿ ನೋಡು."