ಹರಿದ ಎಳೆಗೆ ಗಂಟು

ಪೂಜ್ಯ ಮೌನಪ್ಪಯ್ಯನವರಿಗೆ ಮಂತ್ರೋಪದೇಶ ಮಾಡಿದವನು ನಾನೇ. ಸುಳ್ಳು. ಅವರ ಮಠದ ಕಸ ಗುಡಿಸಲೂ ನನ್ನನ್ನು ಬಿಡುತ್ತಿರಲಿಲ್ಲ. ಕಸಬರಿಗೆಯ ಬುಡದಲ್ಲಿ ಬೀಡಿ ಬಚ್ಚಿಡುತ್ತಿದ್ದೆನಲ್ಲ, ಅದಕ್ಕೆ. ಆದರೆ ಇನ್ನು ಮುಂದೆ ಹೇಳುವುದನ್ನು ಈ ಕಣ್ಣುಗಳೇ ಕಂಡಿವೆ.

ಶ್ರೀಗಳ ಮಠವೆಂದರೆ ನೇಕಾರರ ಓಣಿಯ ಕೊನೆಯಲ್ಲಿ ಎರಡು ಅಂಕಣದ ಮಣ್ಣಿನ ಮನೆ. ಅಂದು ಶ್ರೀಗಳು ಕಟ್ಟೆಯ ಮೇಲೆ ಕುಳಿತು ದಾಸೋಹದ ಬೇಳೆ ಆರಿಸುತ್ತಿದ್ದರು. ನನ್ನ ಗೆಳೆಯ ಗ್ಯಾನಪ್ಪ ಕುಂಟುತ್ತ ಬಂದ. ಬೀಡಿ ಸೇದಿ ಸೇದಿ ಅವನ ಬಲಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಇನ್ನೂ ಸೇದಿದರೆ ಪಾದವೇ ಉಳಿಯದು ಎಂದಿದ್ದರು ಡಾಕ್ಟರು. ಕುಣಿಯಲ್ಲಿ ಕಾಲಿಳಿಸಿ ಕುಣಿಮಗ್ಗ ತುಳಿಯುವವನಿಗೆ ಪಾದ ಹೋದರೆ ಮಗ್ಗವೇ ಹೋದಂತೆ.

ಬೀಡಿ ಬಿಡುತ್ತೇನೆಂದು ಅದಾಗಲೇ ಮೂರು ದೇವರ ಮೇಲೆ ಆಣೆ ಮಾಡಿ ಮೂರನ್ನೂ ಮುರಿದಿದ್ದ. ನಮ್ಮಲ್ಲಿ ಆಣೆ ಮುರಿದವನು ಆ ದೇವರೆದುರು ಹಾಯುವುದಿಲ್ಲ. ಹೀಗಾಗಿ ಮೂರು ಗುಡಿ ತಪ್ಪಿಸಲು, ನೋಯುವ ಕಾಲಿನಲ್ಲೇ ಊರು ಸುತ್ತಿ ಮಗ್ಗಕ್ಕೆ ಹೋಗುತ್ತಿದ್ದ.

ನಾಲ್ಕನೆಯ ಆಣೆ ಮಾಡಿಸಿಕೊಳ್ಳಿರೆಂದು ಶ್ರೀಗಳನ್ನು ಬೇಡಿದ. ದೇವರಿಂದಾಗದ್ದು ಇವರಿಂದೇನಾದೀತು ಎಂಬ ಅನುಮಾನವೂ ಮುಖದ ಮೇಲೇ ಇತ್ತು.

“ಆಣಿ ಬ್ಯಾಡ. ಇವತ್ತ ಸೇದಬ್ಯಾಡ. ನಾಳೆ ಬಾ,” ಎಂದರು ಶ್ರೀಗಳು. ಡಾಕ್ಟರ ಔಷಧ ತಪ್ಪಿಸಕೂಡದೆಂದೂ ಅಪ್ಪಣೆಯಾಯಿತು.

ಎಂಟು ದಿನ ಸೇದದೆ ಮಠಕ್ಕೆ ಹೋದ. ಬೆವರುತ್ತಿದ್ದ, ಹೆಂಡತಿಯ ಮೇಲೆ ಹರಿಹಾಯುತ್ತಿದ್ದ, ಲಾಳಿ ಕೈಜಾರುತ್ತಿತ್ತು. ಒಂಬತ್ತನೆಯ ದಿನ ನನಗೆ ಕುಚೇಷ್ಟೆ ಹುಟ್ಟಿತು. ಅವನ ಮಗ್ಗದ ಪಕ್ಕ ಕುಳಿತು ಬೀಡಿ ಹಚ್ಚಿ ಮೂಗಿನ ಮುಂದೆ ಹಿಡಿದೆ.

“ಆಣೀನ ಮಾಡಿಲ್ಲಲೇ, ಮುರಿಯೂದೇನೈತಿ?”

ಕಸಿದುಕೊಂಡು ಒಂದೇ ಉಸಿರಿಗೆ ಅರ್ಧ ಎಳೆದ. ಆಮೇಲೆ ನಗಲಿಲ್ಲ, ಬೈಯಲೂ ಇಲ್ಲ. ಕುಣಿಯೊಳಗಿನ ತನ್ನ ಕಾಲನ್ನೇ ನೋಡುತ್ತ ಕುಳಿತ.

ಎದ್ದು ಮಠಕ್ಕೆ ಹೊರಟ, ಹಿಂದೆ ನಾನು. ಹೊಸ್ತಿಲಾಚೆಯೇ ನಿಂತು, ತಾನು ಸೇದಿದ್ದಾಯಿತು, ಕಾಲು ಕೊಯ್ಯಿಸಿಕೊಳ್ಳುತ್ತೇನೆ, ಇನ್ನು ಇತ್ತ ಬರುವುದಿಲ್ಲ ಎಂದು ಹೇಳಿ ತಿರುಗಿದ. ಶ್ರೀಗಳು ಮೊರ ಕೆಳಗಿಟ್ಟರು.

“ಗ್ಯಾನಪ್ಪ, ನೇಯುವಾಗ ಎಳಿ ಹರದ್ರ ಏನ್ ಮಾಡ್ತಿ?”

“ಗಂಟ್ ಹಾಕಿ ಮುಂದ ನೇಯ್ತೀನ್ರಿ, ಅಜ್ಜಾರ.”

“ಸೀರಿ ಸುಡೂದಿಲ್ಲ?”

ಅವನು ಹೊಸ್ತಿಲ ಮೇಲೆ ಕುಸಿದು ಅತ್ತ.

“ಗಂಟ್ ಹಾಕು. ಎಂಟ ದಿನ ನೇಯ್ದದ್ದು ಎಲ್ಲೂ ಹೋಗಿಲ್ಲ.”

ನಾನು ಮೆಲ್ಲನೆ ಕಂಬದ ಹಿಂದೆ ಸರಿದೆ. ಶ್ರೀಗಳ ದೃಷ್ಟಿ ಅಲ್ಲಿಗೂ ಬಂತು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ, ಅದೇ ತಡೆಯಲಾಗಲಿಲ್ಲ.

“ಗಂಟಿಗೆ ಎರಡ ತುದಿ ಬೇಕಾಗ್ತಾವ. ಇನ್ನೊಂದು ನೀನು.”

ಕಿಸೆಯಲ್ಲಿದ್ದ ಬೀಡಿಕಟ್ಟನ್ನು ಮಠದ ಒಲೆಗೆ ಹಾಕಿದೆ. ಅಂದಿನಿಂದ ಅವನ ಮಗ್ಗದ ಪಕ್ಕವೇ ಕುಳಿತು ನೂಲು ಸುತ್ತಿಕೊಡುತ್ತೇನೆ. ಚಪಲವೆದ್ದರೆ ಅವನು ನನ್ನನ್ನು ಕೂಗುತ್ತಾನೆ, ನಾನು ಅವನನ್ನು. ಇಬ್ಬರೂ ಮೂರು ಗುಡಿಗಳ ಮುಂದೆಯೇ ನಡೆದು ಮಠಕ್ಕೆ ಹೋಗಿ ಬೇಳೆ ಆರಿಸುತ್ತೇವೆ. ಹೆಬ್ಬೆರಳು ಹೋಯಿತು, ಪಾದ ಉಳಿದಿದೆ, ಮಗ್ಗ ನಡೆದಿದೆ. ಆಮೇಲೆ ಅವನಿಗೆ ಬಿದ್ದ ಗಂಟು ಒಂದೇ. ನನಗೆ ಮೂರು. ಮೂರೆಂದದ್ದು ಸುಳ್ಳು, ಏಳು.

ಬೀಡಿ ಹಿಡಿದು ರೂಢಿಯಾದ ಈ ಬೆರಳುಗಳಿಗೆ ಈಗ ಈ ಚಹಾದಂಗಡಿಯ ಕಪ್ಪೇ ಆಸರೆ. ನೀವೂ ಒಂದು ತುದಿ ಹಿಡಿಯಿರಿ; ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.